ಛಾವಣಿ ಗಾಜಿಗೆ ಪೆಟ್ಟು ಬಿದ್ದಾಗ: ಕಾಯಬಹುದೇ, ಬದಲಿಸಬೇಕೇ?



ನಾವು ಇವತ್ತು ಸೇರಿರುವ ಐವಾನ್-ಎ-ಶಾಹಿ ಅಂದರೆ ಕಲಬುರಗಿಯವರಿಗೆ ಮೊದಲು ನೆನಪಾಗುವುದು ನಿಜಾಮರ ಕಾಲದ ಅತಿಥಿ ಗೃಹ. ಸರ್ಕಾರಿ ವಾಹನಗಳು ಹಗಲೆಲ್ಲ ಬಂದುಹೋಗುವ ಪ್ರದೇಶವಿದು. ಹದಿನೈದು ವರ್ಷಗಳ ಹಿಂದೆ ಇಲ್ಲಿ ನಿಲ್ಲುತ್ತಿದ್ದ ಕಾರುಗಳಲ್ಲಿ ಛಾವಣಿಗೆ ಗಾಜು ಇದ್ದವು ಅಪರೂಪ. ಇವತ್ತು ಮಧ್ಯಮ ವರ್ಗದ ಮನೆಯವರು ಸಾಲ ಮಾಡಿ ಕೊಳ್ಳುವ ಕಾರಿನಲ್ಲೂ ಸನ್‌ರೂಫ್ ಇದೆ. ಕೆಲವಲ್ಲಂತೂ ಮುಂದಿನ ಸೀಟಿನಿಂದ ಹಿಂದಿನ ಸೀಟಿನ ತನಕ ತಲೆಯ ಮೇಲೆ ಬರೀ ಗಾಜು. ವಾಹನ ಬದಲಾಗಿದೆ, ಅದನ್ನು ನೋಡುವ ನಮ್ಮ ಕಣ್ಣು ಬದಲಾಗಿಲ್ಲ. ಈ ವಿಚಾರ ಸಂಕಿರಣದ ಅಗತ್ಯ ಹುಟ್ಟಿದ್ದೇ ಅಲ್ಲಿ.

ಮುಂದಿನ ವಿಂಡ್‌ಶೀಲ್ಡ್ ನಮಗೆ ಒಂದು ಪಾಠ ಕಲಿಸಿಟ್ಟಿದೆ. ಶಹಾಬಾದ್ ಕಲ್ಲಿನ ಲಾರಿಯ ಹಿಂದೆ ಹೋಗುವಾಗ ಹರಳು ಸಿಡಿದು ಗಾಜಿಗೆ ಬಡಿಯುತ್ತದೆ, ಕಾಳಿನಷ್ಟು ಗುರುತು ಮೂಡುತ್ತದೆ, ತಿಂಗಳು ಕಳೆದರೂ ಗಾಜು ಹಾಗೇ ಇರುತ್ತದೆ. ‘ಇನ್ನ ಸ್ವಲ್ಪ ದಿನ ನಡೀತದ ಬಿಡ್ರಿ’ ಎಂಬ ಮಾತು ನಮ್ಮ ಗ್ಯಾರೇಜುಗಳಲ್ಲಿ ಹುಟ್ಟಿದ್ದು ಈ ಅನುಭವದಿಂದಲೇ, ವಿಂಡ್‌ಶೀಲ್ಡಿನ ಮಟ್ಟಿಗೆ ಅದರಲ್ಲಿ ಹುರುಳೂ ಇದೆ. ಆದರೆ ಅದೇ ಮಾತನ್ನು ಛಾವಣಿಯ ಗಾಜಿಗೆ ಹೇಳುವುದು ಅಪಾಯ. ಎರಡರ ಜಾತಿಯೇ ಬೇರೆ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ಪೆಟ್ಟು ತಿಂದ ಸನ್‌ರೂಫ್ ಗಾಜನ್ನು ಗುರುತಿನ ಗಾತ್ರ ನೋಡಿ ಅಳೆಯಬಾರದು. ಅದು ಯಾವ ಗಾಜು, ಪೆಟ್ಟು ಎಲ್ಲಿ ಬಿದ್ದಿದೆ, ಎಷ್ಟು ಆಳಕ್ಕಿಳಿದಿದೆ ಎಂಬುದನ್ನು ನೋಡಿ ತೀರ್ಮಾನಿಸಬೇಕು.

ಮೊದಲು ಗಾಜಿನ ಜಾತಿ. ವಿಂಡ್‌ಶೀಲ್ಡ್ ಲ್ಯಾಮಿನೇಟೆಡ್ ಗಾಜು: ಎರಡು ಹಾಳೆಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ, ಸಾಮಾನ್ಯವಾಗಿ 0.76 ಮಿಲಿಮೀಟರ್ ದಪ್ಪದ್ದು. ಒಡೆದರೂ ತುಂಡುಗಳು ಆ ಪದರಕ್ಕೆ ಅಂಟಿಕೊಂಡೇ ಇರುತ್ತವೆ. ನಮ್ಮ ಮೋಟಾರು ವಾಹನ ನಿಯಮಗಳು ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಲೇಬೇಕೆಂದು ಹೇಳುವುದು ಇದಕ್ಕಾಗಿ. ಸನ್‌ರೂಫುಗಳಲ್ಲಿ ಬಹುಪಾಲು ಟೆಂಪರ್ಡ್ ಗಾಜು. ಅದನ್ನು 600 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿ, ಗಾಳಿಯ ರಭಸದಿಂದ ತಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಭಾಗ ನಿಧಾನವಾಗಿ ತಣಿದು ಕುಗ್ಗುತ್ತಾ ಹೊರಮೈಯನ್ನು ಒಳಕ್ಕೆ ಎಳೆಯುತ್ತದೆ. ಹೀಗೆ ಹೊರಮೈಯಲ್ಲಿ ಒತ್ತಡ, ಒಡಲಿನಲ್ಲಿ ಸೆಳೆತ ಶಾಶ್ವತವಾಗಿ ಕೂತುಬಿಡುತ್ತವೆ. ಟೆಂಪರ್ಡ್ ಗಾಜಿನ ಬಲವೆಲ್ಲ ಆ ಹೊರಮೈಯ ಒತ್ತಡದಲ್ಲಿದೆ. ಆ ಒತ್ತಡದ ಪದರ ಪ್ರತಿ ಬದಿಗೂ ಗಾಜಿನ ದಪ್ಪದ ಸುಮಾರು ಐದನೇ ಒಂದು ಭಾಗ ಮಾತ್ರ. 4 ಮಿಲಿಮೀಟರ್ ಗಾಜಿನಲ್ಲಿ ಅದು 0.8 ಮಿಲಿಮೀಟರ್ ಆಸುಪಾಸು.

ಈ ಸಣ್ಣ ಅಂಕಿಯನ್ನು ದಯವಿಟ್ಟು ನೆನಪಿಡಿ. ಕಲ್ಲಿನ ಮೊನೆ ಆ 0.8 ಮಿಲಿಮೀಟರ್ ದಾಟಿ ಒಳಗಿನ ಸೆಳೆತದ ಭಾಗವನ್ನು ಮುಟ್ಟಿತೆಂದರೆ ಗಾಜು ಉಳಿಯುವುದಿಲ್ಲ. ಜಾತ್ರೆಗೆ ಮುಂಚೆ ಬೆಂಕಿಗೆ ಹಿಡಿದು ಬಿಗಿ ಮಾಡಿದ ಹಲಗೆಯ ಚರ್ಮಕ್ಕೆ ಬ್ಲೇಡಿನ ತುದಿ ತಾಗಿದರೆ ಒಂದೇ ಏಟಿಗೆ ಸೀಳುವಂತೆ, ಒಳಗೆ ಬಿಗಿದಿದ್ದ ಶಕ್ತಿ ಅಷ್ಟೂ ಒಮ್ಮೆಲೆ ಬಿಡುಗಡೆಯಾಗುತ್ತದೆ. ಗಾಜಿನಲ್ಲಿ ಬಿರುಕು ಓಡುವ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಒಂದು ಮೀಟರ್ ಉದ್ದದ ಛಾವಣಿ ಗಾಜು ಸಾವಿರಾರು ಹರಳುಗಳಾಗಲು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಡ.

ಇದರಿಂದ ಗ್ಯಾರೇಜಿನ ಮೇಸ್ತ್ರಿಗಳಿಗೆ ನೇರವಾಗಿ ಉಪಯೋಗಕ್ಕೆ ಬರುವ ಒಂದು ತಿಳಿವಳಿಕೆ ಸಿಗುತ್ತದೆ. ಟೆಂಪರ್ಡ್ ಗಾಜಿನಲ್ಲಿ ಬಿರುಕು ಅರ್ಧ ದಾರಿಯಲ್ಲಿ ನಿಲ್ಲುವುದಿಲ್ಲ. ಛಾವಣಿಯ ಗಾಜಿನ ಮೇಲೆ ಒಂದು ಗೆರೆ ಎರಡು ದಿನದಿಂದ ಹಾಗೇ ಇದೆ ಅಂದರೆ, ಒಂದೋ ಅದು ಲ್ಯಾಮಿನೇಟೆಡ್ ಗಾಜು, ಇಲ್ಲವೇ ಆ ಗೆರೆ ಬಿರುಕಲ್ಲ, ಮೇಲುಗೀರು. ಆದ್ದರಿಂದ ಟೆಂಪರ್ಡ್ ಗಾಜಿನಲ್ಲಿ ಉದ್ದನೆಯ ಬಿರುಕಿಗಾಗಿ ಹುಡುಕುತ್ತಾ ಕೂರಬೇಡಿ. ಅದು ಕೊಡುವ ಸೂಚನೆ ಒಂದು ಕುಳಿ, ಅಂಚಿನಲ್ಲಿ ಒಂದು ಚೂರು ಎದ್ದುಹೋಗಿರುವುದು, ಉಗುರಿಗೆ ಸಿಕ್ಕುವ ಒಂದು ಗೀರು, ಅಷ್ಟೇ. ಎರಡನೆಯ ಎಚ್ಚರಿಕೆ ಕೊಡುವ ಗುಣ ಆ ಗಾಜಿಗಿಲ್ಲ.

ಹಾಗಾದರೆ ಜಾತಿ ಗುರುತಿಸುವುದು ಹೇಗೆ? ಕಾರಿನ ಬಾಗಿಲು ತೆಗೆದು ಸನ್‌ರೂಫ್ ಗಾಜಿನ ಮೂಲೆ ನೋಡಿ. ಗಾಜಿಗೇ ಅಚ್ಚಾದ ಸಣ್ಣ ಮುದ್ರೆ ಇರುತ್ತದೆ. ಹೆಚ್ಚಿನವುಗಳಲ್ಲಿ ಟೆಂಪರ್ಡ್ ಅಥವಾ ಲ್ಯಾಮಿನೇಟೆಡ್ ಎಂದು ಬರೆದೇ ಇರುತ್ತದೆ. ಮುದ್ರೆ ಅಳಿಸಿದ್ದರೆ, ತೆರೆಯುವ ಗಾಜನ್ನು ಓರೆಯಾಗಿ ಎತ್ತಿ ಅಂಚನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಲ್ಯಾಮಿನೇಟೆಡ್ ಆದರೆ ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ಕಿನ ಗೆರೆ ಕಾಣುತ್ತದೆ. ಇನ್ನೊಂದು ಉಪಾಯವೂ ಇದೆ. ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ಬೆಳಗಿನ ತಿಳಿ ಆಕಾಶದ ಬೆಳಕು ಗಾಜಿನ ಮೇಲೆ ಬೀಳುವಂತೆ ನಿಂತು ನೋಡಿದರೆ, ಟೆಂಪರ್ಡ್ ಗಾಜಿನಲ್ಲಿ ಸಾಲಾಗಿ ಮಸುಕು ಚುಕ್ಕೆಗಳು ಮೂಡುತ್ತವೆ. ಕಾರ್ಖಾನೆಯಲ್ಲಿ ಗಾಳಿಯ ನಳಿಕೆಗಳು ತಣಿಸಿದ ಗುರುತುಗಳವು. ವಿದ್ಯಾರ್ಥಿಗಳು ಇದನ್ನು ಇವತ್ತೇ ಹೊರಗಿನ ಕಾರುಗಳ ಮೇಲೆ ಪರೀಕ್ಷಿಸಿ ನೋಡಲಿ.

ಎರಡನೆಯದು ಪೆಟ್ಟು ಬಿದ್ದ ಜಾಗ. ಗಾಜು ಬಹುಮಟ್ಟಿಗೆ ಸೋಲುವುದು ಅಂಚಿನಲ್ಲಿ. ರಸ್ತೆಯ ಹರಳು ವಿಂಡ್‌ಶೀಲ್ಡನ್ನು ಹಾರಿ ಬಂದು ತಾಗುವುದೂ ಸನ್‌ರೂಫಿನ ಮುಂದಿನ ಅಂಚಿಗೇ. ಆ ಅಂಚಿನ ಸುತ್ತ ಕಪ್ಪು ಪಟ್ಟಿ ಇರುತ್ತದಲ್ಲ, ಅದು ಗಾಜಿನ ಮೇಲೆ ಮುದ್ರಿಸಿ ಸುಟ್ಟ ಸೆರಾಮಿಕ್ ಬಣ್ಣ. ಅಂಟನ್ನು ಬಿಸಿಲಿನಿಂದ ಕಾಯುವುದು ಅದರ ಕೆಲಸ. ಆದರೆ ಆ ಮುದ್ರಿತ ಭಾಗದಲ್ಲಿ ಗಾಜಿನ ಬಲ ಕುಗ್ಗುತ್ತದೆಯೇ ಎಂಬ ಪ್ರಶ್ನೆಯನ್ನು ದಕ್ಷಿಣ ಕೊರಿಯಾ ಕಳೆದ ದಶಕದಲ್ಲಿ ವಿಶ್ವಸಂಸ್ಥೆಯ ವಾಹನ ನಿಯಮಗಳ ವೇದಿಕೆಗೆ ಒಯ್ದಿತು. ಪನೋರಮಿಕ್ ಸನ್‌ರೂಫ್ ಗಾಜಿಗಾಗಿಯೇ ಅಲ್ಲಿ ಒಂದು ಕಾರ್ಯತಂಡ ರಚನೆಯಾಯಿತು. ಅಮೆರಿಕದಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 2017ರಲ್ಲಿ ತನಿಖೆ ನಡೆಸಿದಾಗ, ಸಿಡಿದ ಸನ್‌ರೂಫುಗಳ ಬಗ್ಗೆ ಸರ್ಕಾರಕ್ಕೆ ಹೋಗಿದ್ದ 800ಕ್ಕೂ ಹೆಚ್ಚು ದೂರುಗಳು ಬೆಳಕಿಗೆ ಬಂದವು. ಆ ದೂರುಗಳು ಯಾವುದೋ ಒಂದೇ ಕಂಪನಿಯ ಕಾರುಗಳಿಗೆ ಸೇರಿದವಲ್ಲ. ಕಪ್ಪು ಪಟ್ಟಿಯ ಮೇಲೆ ಪೆಟ್ಟು ಬಿದ್ದರೆ ಕಣ್ಣಿಗೆ ಕಾಣುವುದೂ ಕಡಿಮೆ. ಆದ್ದರಿಂದ ಅಲ್ಲಿ ಬೆರಳಾಡಿಸಿ ನೋಡುವುದು ತಪಾಸಣೆಯ ಮೊದಲ ಕೆಲಸವಾಗಬೇಕು.

ಆಳದ ಮಾತು ಆಗಲೇ ಬಂದಿದೆ; ಇವುಗಳ ಜೊತೆಗೆ ನೋಡಬೇಕಾದದ್ದು, ಆ ಗಾಜಿನ ಮೇಲೆ ಮುಂದೆ ಬೀಳಲಿರುವ ಹೊರೆ. ಇಲ್ಲಿ ನಮ್ಮ ನೆಲದ ಮಾತು ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಬಿಸಿಲಿನಲ್ಲಿ ನಿಂತ ಕಾರಿನ ಕಪ್ಪು ಬಣ್ಣದ ಛಾವಣಿ ಗಾಜು ಆ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಅಂಥ ಹೊತ್ತಿನಲ್ಲಿ ವಾಷಿಂಗ್‌ಗೆ ಬಿಟ್ಟ ಕಾರಿನ ಮೇಲೆ ಬೋರ್‌ವೆಲ್ ನೀರು ಸುರಿಯುತ್ತಾರೆ. ಇಲ್ಲವೇ ಸಂಜೆ ಮೋಡ ಕವಿದು ಆಲಿಕಲ್ಲು ಬೀಳುತ್ತದೆ. ಊನವಿಲ್ಲದ ಟೆಂಪರ್ಡ್ ಗಾಜು ಇದನ್ನೆಲ್ಲ ತಾಳಿಕೊಳ್ಳುತ್ತದೆ. ಕುಳಿ ಬಿದ್ದ ಗಾಜಿನ ಬಗ್ಗೆ ಆ ಭರವಸೆ ಕೊಡಲಾಗದು. ಇದರ ಮೇಲೆ ವಾಡಿ, ಸೇಡಂ, ಚಿತ್ತಾಪುರದ ಕಡೆಯಿಂದ ಬರುವ ಸಿಮೆಂಟ್ ಮತ್ತು ಕಲ್ಲಿನ ಲಾರಿಗಳ ಸಾಲು, ಕಮಲಾಪುರ ದಾಟಿ ಹುಮನಾಬಾದಿಗೆ ಹೋಗುವ ಹೆದ್ದಾರಿಯ ವೇಗ. ಗುಂಡಿಗೆ ಇಳಿದ ಕಾರಿನ ಕವಚ ತುಸು ತಿರುಚಿದಾಗ ಛಾವಣಿಯ ಚೌಕಟ್ಟೂ ತಿರುಚುತ್ತದೆ. ಲ್ಯಾಮಿನೇಟೆಡ್ ಗಾಜಿನ ಬಿರುಕು ದಿನೇದಿನೇ ಬೆಳೆಯುವುದು ಹೀಗೆ. ಬಿರುಕಿನ ತುದಿಗೆ ತೇವಾಂಶ ಸೇರಿದರೆ ಗಾಜಿನ ಬಂಧಗಳು ಇನ್ನೂ ಸುಲಭವಾಗಿ ಕಡಿಯುತ್ತವೆ. ಬೇಸಿಗೆಯಲ್ಲಿ ತಡೆದುಕೊಂಡ ಬಿರುಕು ಮಳೆಗಾಲದಲ್ಲಿ ಮುಂದುವರಿಯಲು ಅದೂ ಒಂದು ಕಾರಣ.

ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದರೆ ತೀರ್ಮಾನ ಕಷ್ಟವಲ್ಲ. ಟೆಂಪರ್ಡ್ ಗಾಜಿನಲ್ಲಿ ಕುಳಿ ಬಿದ್ದಿದ್ದರೆ, ಅಂಚಿನ ಚೂರು ಎದ್ದಿದ್ದರೆ, ಗೀರಿಗೆ ಉಗುರು ಸಿಕ್ಕುತ್ತಿದ್ದರೆ ಕಾಯುವ ಮಾತೇ ಇಲ್ಲ, ಬದಲಿಸಿ. ರಾಳ ತುಂಬಿ ರಿಪೇರಿ ಮಾಡುವ ಪದ್ಧತಿ ಈ ಗಾಜಿಗೆ ಹೊಂದುವುದಿಲ್ಲ. ರಾಳ ಕುಳಿಯನ್ನು ಮುಚ್ಚೀತು, ಕಳೆದುಹೋದ ಒತ್ತಡದ ಪದರವನ್ನು ಮರಳಿ ಕೊಡಲಾರದು. ಪುಡಿಯಾಗಿಯೂ ಗಾಜಿಗೆ ಹಚ್ಚಿದ ಫಿಲ್ಮ್‌ಗೆ ಅಂಟಿ ನೇತಾಡುತ್ತಿರುವ ಗಾಜಾದರೆ ವಾಹನ ಅಲ್ಲೇ ನಿಲ್ಲಬೇಕು. ಲ್ಯಾಮಿನೇಟೆಡ್ ಗಾಜಿನಲ್ಲಿ ಎರಡೂ ಹಾಳೆ ಒಡೆದಿದ್ದರೆ, ಗಾಜು ಒಳಕ್ಕೆ ಜೋತಿದ್ದರೆ, ಚೌಕಟ್ಟಿನಿಂದ ಬಿಟ್ಟಿದ್ದರೆ ಅದೂ ಅಂದೇ ಆಗಬೇಕಾದ ಕೆಲಸ. ಹೊರ ಹಾಳೆ ಮಾತ್ರ ಸೀಳಿದ್ದು ಬಿರುಕು ಅಂಚು ಮುಟ್ಟಿದ್ದರೆ, ಇಲ್ಲವೇ ನಡುವಿನ ಪದರ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ, ಗಾಜನ್ನು ಕೂಡಲೇ ತರಿಸಿ. ಅಲ್ಲಿಯ ತನಕ ದೂರದ ಪ್ರಯಾಣ ಬೇಡ. ಉಗುರಿಗೆ ಸಿಕ್ಕದ ಗೀರು ಅಂದಗೆಡಿಸುತ್ತದೆಯೇ ಹೊರತು ಅಪಾಯವಲ್ಲ.

ಇನ್ನೊಂದು ವಿಷಯದಲ್ಲಿ ಗ್ರಾಹಕರ ಪರವಾಗಿ ನಿಲ್ಲುವುದು ನಮ್ಮ ಧರ್ಮ. ಮಳೆ ಬಂದಾಗ ಒಳಗೆ ನೀರು ಜಿನುಗಿತೆಂದು ಗಾಜು ಬದಲಿಸಲು ಹೇಳುವವರಿದ್ದಾರೆ. ಸನ್‌ರೂಫಿನ ಚೌಕಟ್ಟಿನ ಮೂಲೆಗಳಲ್ಲಿ ನೀರು ಹರಿದುಹೋಗುವ ಕೊಳವೆಗಳಿರುತ್ತವೆ. ನಮ್ಮ ಊರಿನ ಧೂಳು, ಬೇವಿನ ಎಲೆ ಸೇರಿ ಅವು ಕಟ್ಟಿಕೊಂಡರೆ ನೀರು ಒಳಗೆ ಇಳಿಯುತ್ತದೆ. ಅದಕ್ಕೆ ಬೇಕಾದದ್ದು ಸ್ವಚ್ಛತೆ, ಹೊಸ ಗಾಜಲ್ಲ. ಅವಸರ ಬೇಕಾದಲ್ಲಿ ಅವಸರ ಮಾಡಿಸುವಷ್ಟೇ ಮುಖ್ಯ, ಬೇಡದ ಖರ್ಚನ್ನು ತಪ್ಪಿಸುವುದು. ಹಾಗೆ ಮಾಡಿದ ಮೇಸ್ತ್ರಿಯ ಮಾತನ್ನು ಜನ ಮುಂದಿನ ಸಲ ನಂಬುತ್ತಾರೆ.

ನಮ್ಮ ಪರಿಣತಿಗೂ ಒಂದು ಎಲ್ಲೆ ಇದೆ, ಅದನ್ನೂ ಹೇಳಬೇಕು. ಗಾಜು ತಯಾರಾಗುವಾಗ ನಿಕ್ಕಲ್ ಸಲ್ಫೈಡ್ ಎಂಬ ಕಣ ಒಳಗೆ ಸೇರಿಕೊಂಡಿದ್ದರೆ, ಅದು ವರ್ಷಗಳ ನಂತರ ತನ್ನ ಹರಳಿನ ರೂಪ ಬದಲಿಸಿ ಹಿಗ್ಗುತ್ತದೆ. ಯಾವ ಪೆಟ್ಟೂ ಇಲ್ಲದೆ ಗಾಜು ಸಿಡಿಯಲು ಇದೂ ಒಂದು ಕಾರಣ. ಬರಿಗಣ್ಣಿಗೆ ಅದು ಕಾಣದು. ಹಾಗಾಗಿ ನಿಂತ ಕಾರಿನ ಗಾಜು ತಾನಾಗಿ ಒಡೆಯಿತು ಎಂದು ಮಾಲೀಕರು ಹೇಳಿದರೆ ವಿಮಾ ಸರ್ವೇಯರುಗಳು ಅದನ್ನು ಸುಳ್ಳೆಂದು ತಳ್ಳಿಹಾಕಬಾರದು. ಹರಳುಗಳನ್ನು ಗುಡಿಸುವ ಮೊದಲು ಒಡೆದ ಮೂಲ ಎಲ್ಲಿದೆ ಎಂದು ಹುಡುಕಬೇಕು, ಫೋಟೊ ತೆಗೆಯಬೇಕು.

ವಿಮೆಯ ವಿಷಯದಲ್ಲೂ ಜನರಿಗೆ ತಿಳಿಯದ ಒಂದು ಅನುಕೂಲವಿದೆ. ಸಮಗ್ರ ವಿಮೆಯಲ್ಲಿ ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಶೇಕಡಾ 50 ಸವಕಳಿ ಕಳೆಯುತ್ತಾರೆ. ಗಾಜಿಗೆ ಸವಕಳಿ ಇಲ್ಲ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದವರಿಗೆ ಈ ಪರಿಹಾರ ಸಿಗದು. ನೋ ಕ್ಲೇಮ್ ಬೋನಸ್ ಹೋಗುತ್ತದೆಂಬ ಅಂಜಿಕೆಯಿಂದ ಎಷ್ಟೋ ಮಂದಿ ಊನಗೊಂಡ ಗಾಜಿನಡಿಯಲ್ಲೇ ಮಕ್ಕಳನ್ನು ಕೂರಿಸಿಕೊಂಡು ಓಡಾಡುತ್ತಾರೆ. ಬೋನಸ್ ಉಳಿಸುವ ಹೆಚ್ಚುವರಿ ಕವಚ ನಿಮ್ಮ ಪಾಲಿಸಿಯಲ್ಲಿದೆಯೇ ಎಂದು ಕೇಳಿ ನೋಡಿ ಎಂಬ ಒಂದು ಮಾತು ಅವರ ಮನಸ್ಸು ಬದಲಿಸಬಲ್ಲದು.

ಬದಲಿ ಗಾಜು ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರಬೇಕಾದಾಗ ನಡುವಿನ ದಿನಗಳಿಗೂ ಸಲಹೆ ಬೇಕು. ಸನ್‌ರೂಫನ್ನು ತೆರೆಯಬಾರದು, ಒಳಗಿನ ಪರದೆ ಮುಚ್ಚಿಯೇ ಇರಲಿ, ಕಾರು ನೆರಳಿನಲ್ಲಿ ನಿಲ್ಲಲಿ, ಕಾದ ಗಾಜಿಗೆ ತಣ್ಣೀರು ಬೇಡ. ಓಡುವಾಗಲೇ ಸಿಡಿದರೆ ಗಾಬರಿಯಿಂದ ಬ್ರೇಕ್ ತುಳಿಯದೆ, ವೇಗ ಇಳಿಸುತ್ತಾ ಎಡಕ್ಕೆ ನಿಲ್ಲಿಸಬೇಕು. ಹೊಸ ಗಾಜು ಕೂರಿಸುವಾಗಲೂ ಅವಸರ ಸಲ್ಲ. ಅಂಟಿಸುವ ಗಾಜಿಗೆ ಬಳಸುವ ಯುರಿಥೇನ್ ಅಂಟು ಗಾಳಿಯ ತೇವಾಂಶದಿಂದ ಗಟ್ಟಿಯಾಗುವಂಥದ್ದು. ನಮ್ಮ ಒಣ ಬೇಸಿಗೆಯಲ್ಲಿ ಅದಕ್ಕೆ ಸಮಯ ಹೆಚ್ಚು ಬೇಕಾಗಬಹುದು. ಮೋಟಾರಿನಿಂದ ಜಾರುವ ಗಾಜಾದರೆ ಸ್ಕ್ರೂ ಅತಿಯಾಗಿ ಬಿಗಿಯಬಾರದು. ಕೈ ಸಿಕ್ಕಿದರೆ ಗಾಜು ಹಿಂದೆ ಸರಿಯುವ ವ್ಯವಸ್ಥೆಯನ್ನು ಮತ್ತೆ ಹೊಂದಿಸಿ, ಪರೀಕ್ಷಿಸಿಯೇ ಕಾರು ಕೊಡಬೇಕು.

ಈ ಸಂಕಿರಣದ ಮುಂದೆ ನಾನು ಮೂರು ಆಶಯಗಳನ್ನು ಇಡುತ್ತೇನೆ. ಒಂದು, ಈಗ ಹೇಳಿದ ತಪಾಸಣೆಯ ಕ್ರಮ ಒಂದೇ ಪುಟದಲ್ಲಿ, ಸರಳ ಕನ್ನಡದಲ್ಲಿ, ಚಿತ್ರಸಹಿತ ಅಚ್ಚಾಗಿ ಕಲಬುರಗಿಯಿಂದ ಕಮಲಾಪುರದ ತನಕ ಪ್ರತಿ ಗ್ಯಾರೇಜಿನ ಗೋಡೆಗೆ ಬರಲಿ. ಎರಡು, ಐಟಿಐ ಮತ್ತು ಪಾಲಿಟೆಕ್ನಿಕ್‌ಗಳ ಆಟೊಮೊಬೈಲ್ ಪಾಠದಲ್ಲಿ ಎಂಜಿನ್, ಬ್ರೇಕಿನ ಜೊತೆಗೆ ಗಾಜಿಗೂ ಪ್ರಾಯೋಗಿಕ ತರಗತಿ ಇರಲಿ. ಕಳಚಿದ ಹಳೆಯ ಗಾಜುಗಳೇ ಅದಕ್ಕೆ ಸಾಮಗ್ರಿ. ಮೂರು, ಇಲ್ಲಿ ಒಡೆಯುವ ಪ್ರತಿ ಛಾವಣಿ ಗಾಜಿನ ವಿವರವನ್ನು, ಅಂದರೆ ಗಾಜಿನ ಜಾತಿ, ಒಡೆದ ಜಾಗ, ಹೊತ್ತು, ಅಂದಿನ ತಾಪಮಾನ ಇವಿಷ್ಟನ್ನು, ಮೇಸ್ತ್ರಿಗಳು ಮತ್ತು ಸರ್ವೇಯರುಗಳು ಸೇರಿ ಬರೆದಿಡಲಿ. ಗಾಜಿನ ಮಾನಕಗಳನ್ನು ರೂಪಿಸುವವರ ಮುಂದೆ ಬಿಸಿಲ ನಾಡಿನ ಅನುಭವ ದಾಖಲೆಯಾಗಿ ಹೋಗಬೇಕು. ಆ ದಾಖಲೆಯನ್ನು ನಮ್ಮನ್ನು ಬಿಟ್ಟು ಬೇರೆ ಯಾರೂ ಬರೆಯಲಾರರು.

ಮಧ್ಯಾಹ್ನದ ಗೋಷ್ಠಿಯಲ್ಲಿ ಆ ಒಂದು ಪುಟದ ಕರಡು ಸಿದ್ಧವಾಗಲಿ, ಸಮಾರೋಪದ ಹೊತ್ತಿಗೆ ನಿಮ್ಮ ತಿದ್ದುಪಡಿಗಳೊಂದಿಗೆ ಅದು ಅಂತಿಮ ರೂಪ ಪಡೆಯಲಿ ಎಂದು ಕೋರುತ್ತೇನೆ.