ಕೇಳಿಸದ ಮಾತು, ಕಾಣದ ಹೊಣೆ



2014ರ ಏಪ್ರಿಲ್‌ನಲ್ಲಿ ಬಿಬಿಸಿ ‘ಜಮೈಕಾ ಇನ್’ ಎಂಬ ಮೂರು ಕಂತುಗಳ ಧಾರಾವಾಹಿಯನ್ನು ಪ್ರಸಾರ ಮಾಡಿತು. ಅದರ ಕುರಿತು 2,000ಕ್ಕೂ ಹೆಚ್ಚು ದೂರುಗಳು ಬಂದವು. ಬಹುಪಾಲು ದೂರುಗಳು ಕತೆಯ ಬಗ್ಗೆ ಅಲ್ಲ, ಪಾತ್ರಗಳ ಮಾತು ಕೇಳಿಸುತ್ತಿಲ್ಲ ಎಂಬುದರ ಬಗ್ಗೆ. ಬಿಬಿಸಿ ಮೊದಲು ಧ್ವನಿಮಟ್ಟದ ತೊಂದರೆಯೆಂದು ಸಮಜಾಯಿಷಿ ನೀಡಿತು. ಬಳಿಕ ನಟರ ಅಸ್ಪಷ್ಟ ಉಚ್ಚಾರಣೆಯತ್ತಲೂ ಬೆರಳು ತೋರಲಾಯಿತು. 2017ರಲ್ಲಿ ‘ಎಸ್‌ಎಸ್-ಜಿಬಿ’ ಪ್ರಸಾರವಾದಾಗಲೂ ಇದೇ ದೂರು ಕೇಳಿಬಂತು. ಅದೇ ವರ್ಷ ವಿಷಯ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು.

ತಪ್ಪು ಯಾರದು? ನಟನ ಮುಖ ಕಾಣುತ್ತದೆ, ಆದ್ದರಿಂದ ಮೊದಲ ಆರೋಪಿ ಅವನೇ. ಆದರೆ ಮಾತು ಅವನ ಬಾಯಿಂದ ವೀಕ್ಷಕನ ಕಿವಿಗೆ ತಲುಪುವ ಮುನ್ನ ಹಲವು ಕೈಗಳನ್ನು ದಾಟುತ್ತದೆ. ಸಮಯ ಉಳಿಸಲು ದೂರದ ಮತ್ತು ಸಮೀಪದ ದೃಶ್ಯಗಳನ್ನು ಎರಡು ಕ್ಯಾಮೆರಾಗಳಿಂದ ಒಟ್ಟಿಗೇ ಚಿತ್ರಿಸಿದರೆ, ತಲೆಯ ಮೇಲಿನ ಮೈಕು ಚೌಕಟ್ಟಿನಾಚೆ ದೂರ ಸರಿಯಬೇಕಾಗುತ್ತದೆ. ಬಟ್ಟೆಯೊಳಗೆ ಅಡಗಿಸಿದ ಮೈಕು ಬಟ್ಟೆಯ ಸರಪರ ಸದ್ದನ್ನೂ ಹಿಡಿಯುತ್ತದೆ. ಮಾತಿಗೆ ಸಂಗೀತವನ್ನು ಬೆರೆಸುವವರು ಉತ್ತಮ ಸ್ಪೀಕರ್‌ಗಳ ಮುಂದೆ ಕೂತಿರುತ್ತಾರೆ. ನಿರ್ದೇಶಕರಿಗೆ ಸಂಭಾಷಣೆ ಕಂಠಪಾಠವಾಗಿರುತ್ತದೆ. ಗೊತ್ತಿರುವ ಮಾತು ಎಷ್ಟು ಮೆತ್ತಗಿದ್ದರೂ ಕೇಳಿಸುತ್ತದೆ. ಮನೆಯಲ್ಲಿರುವುದಾದರೋ ತೆಳುವಾದ ಟಿವಿ. ಅದರ ಪುಟ್ಟ ಸ್ಪೀಕರ್‌ಗಳು ಹಲವೊಮ್ಮೆ ಗೋಡೆಗೋ ನೆಲಕ್ಕೋ ಮುಖಮಾಡಿರುತ್ತವೆ.

ಮಾನದಂಡಗಳಿಲ್ಲವೆಂದಲ್ಲ. ಯೂರೋಪಿನ ಪ್ರಸಾರ ಒಕ್ಕೂಟ 2010ರಲ್ಲಿ ರೂಪಿಸಿದ ‘ಆರ್ 128’ ಇಡೀ ಕಾರ್ಯಕ್ರಮದ ಸರಾಸರಿ ಸದ್ದನ್ನು ಅಳೆಯುತ್ತದೆ. ಮಾತು ಸಂಗೀತದಡಿ ಮುಳುಗಿದೆಯೇ ಎಂಬುದನ್ನು ಆ ಸರಾಸರಿ ಹೇಳುವುದಿಲ್ಲ.

ಹೀಗೆ ಹೊಣೆ ಎಲ್ಲರಲ್ಲೂ ಹಂಚಿಹೋದಾಗ ಅದು ಯಾರ ಮೇಲೂ ಉಳಿಯುವುದಿಲ್ಲ. ಕೊನೆಗೆ ಅಧಿಕಾರವಿಲ್ಲದವರ ಹೆಗಲೇರುತ್ತದೆ. ಯಾರ್ಕ್‌ಶೈರ್‌ನ ‘ಹ್ಯಾಪಿ ವ್ಯಾಲಿ’ಯ ಮಾತು ತಿಳಿಯದಿದ್ದಾಗ, ಅಲ್ಲಿನ ಜನರ ನುಡಿಯೇ ದೋಷವೆಂಬಂತೆ ಕೆಲವರು ಮಾತಾಡಿದರು. ಮೈಕಿನ ದೋಷವನ್ನು ದುಡಿಯುವ ಜನರ ಉಚ್ಚಾರಣೆಗೆ ಅಂಟಿಸುವುದು ಸುಲಭ. ವೃದ್ಧರು ತಮ್ಮ ಕಿವಿಯನ್ನು ಶಂಕಿಸುತ್ತಾರೆ. ಬ್ರಿಟನ್ನಿಗೆ ವಲಸೆ ಬಂದ ಕನ್ನಡಿಗರು ತಮ್ಮ ಇಂಗ್ಲಿಷನ್ನು ಶಂಕಿಸುತ್ತಾ ಸದ್ದಿಲ್ಲದೆ ಸಬ್‌ಟೈಟಲ್ ಹಾಕಿಕೊಳ್ಳುತ್ತಾರೆ, ದೂರು ಬರೆಯುವುದಿಲ್ಲ. ದೂರುಗಳ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ.

ಸಬ್‌ಟೈಟಲ್ ಒಂದು ಗೆಲುವು. ಕಿವುಡರ ದೀರ್ಘ ಹೋರಾಟವಿಲ್ಲದಿದ್ದರೆ ಅದು ಬರುತ್ತಿರಲಿಲ್ಲ. ಆದರೆ ಬೇರೆಯವರ ಹೋರಾಟದ ಫಲವನ್ನು ತಮ್ಮ ಅಜಾಗ್ರತೆಗೆ ತೇಪೆಯಾಗಿ ಬಳಸುವುದು ಪ್ರಸಾರಕರಿಗೆ ತಕ್ಕುದಲ್ಲ. ಅದೂ ಅಲ್ಲದೆ, ಓದಲು ಕಣ್ಣು ಸಹಕರಿಸದವರಿಗೆ ಅದರಿಂದ ಪ್ರಯೋಜನವೂ ಇಲ್ಲ.

ಪರಿಹಾರ ಅಸಾಧ್ಯವೇನಲ್ಲ. 2019ರಲ್ಲಿ ಬಿಬಿಸಿಯೇ ‘ಕ್ಯಾಶುಅಲ್ಟಿ’ಯ ಒಂದು ಕಂತಿನಲ್ಲಿ, ಹಿನ್ನೆಲೆ ಸದ್ದನ್ನು ವೀಕ್ಷಕರೇ ತಗ್ಗಿಸಿಕೊಳ್ಳುವ ಪ್ರಯೋಗ ಮಾಡಿತು. ಅದಕ್ಕಿಂತ ಅಗ್ಗದ ಉಪಾಯವೂ ಉಂಟು: ಚಿತ್ರಕತೆ ಓದದ ಹತ್ತು ಜನರನ್ನು ಸಾಮಾನ್ಯ ಟಿವಿಯ ಮುಂದೆ ಕೂರಿಸಿ ಕೇಳಿಸುವುದು. ಆ ಹತ್ತು ಜನರಲ್ಲಿ ವೃದ್ಧರೂ ವಲಸಿಗರೂ ಇರಬೇಕು.

ನಟ, ಮೈಕು ಹಿಡಿದವ, ಸಂಗೀತಗಾರ ಇವರೆಲ್ಲರ ಪಾಲು ಇದ್ದೇ ಇದೆ. ಆದರೆ ಇದು ಪ್ರಸಾರಕ್ಕೆ ಸಿದ್ಧ ಎಂದು ಕೊನೆಯ ಸಹಿ ಹಾಕುವುದು ಪ್ರಸಾರ ಸಂಸ್ಥೆ. ಪರವಾನಗಿ ಶುಲ್ಕ ವಸೂಲು ಮಾಡುವಾಗ ಅದು ಯಾರ ಕಿವಿಯನ್ನೂ ಪರೀಕ್ಷಿಸುವುದಿಲ್ಲ. ಹಾಗಾಗಿ ಎಲ್ಲರ ಕಿವಿಗೂ ಮಾತು ತಲುಪಿಸುವ ಹೊಣೆ ಅದರದೇ.