ಭರಣಿಯೊಳಗಿನ ಮುಸುವ

(ವಾರ್ಷಿಕ ಸಹಾಯಾರ್ಥ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಕಳೆದ ಚಳಿಗಾಲದಲ್ಲಿ ನಾವು ನಾಲ್ಕು ಕುಟುಂಬದವರು ಅಲ್ ಐನ್‌ನ ಜೆಬೆಲ್ ಹಫೀತ್ ಬೆಟ್ಟಕ್ಕೆ ಹೋಗಿದ್ದೆವು. ಬುತ್ತಿ ಬಿಚ್ಚುವಾಗ ಒಬ್ಬ ಹುಡುಗ ಕೇಳಿದ: "ಅಂಕಲ್, ಇಂಥ ಸುಣ್ಣಕಲ್ಲಿನ ಬೆಟ್ಟದಲ್ಲಿ ಮಂಗ ಇರುತ್ತಾ?"

ಇಲ್ಲಿಲ್ಲ. ಆದರೆ ವಿಯೆಟ್ನಾಂನ ಕ್ಯಾಟ್ ಬಾ ದ್ವೀಪದಲ್ಲಿ ಸುಣ್ಣಕಲ್ಲಿನ ಬೆಟ್ಟಗಳ ಮೇಲೆ ದಟ್ಟ ಕಾಡಿದೆ. ಅಲ್ಲಿ ಹೊಂಬಣ್ಣದ ತಲೆಯ ಲಂಗೂರ್ ಇದೆ. ಎಲೆಯೇ ಅದರ ಮುಖ್ಯ ಆಹಾರ, ಗುಹೆಯೇ ಮಲಗುವ ಮನೆ. ಪ್ರಪಂಚದಲ್ಲಿ ಬೇರೆ ಯಾವ ಕಾಡಿನಲ್ಲೂ ಈ ಜಾತಿಯಿಲ್ಲ. ಸಾಫ್ಟ್‌ವೇರಿನ ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬ್ಯಾಕಪ್ ಇಲ್ಲದ ಡೇಟಾ! 1960ರ ದಶಕದಲ್ಲಿ ಎರಡು ಸಾವಿರಕ್ಕೂ ಹೆಚ್ಚಿದ್ದವೆಂದು ಅಂದಾಜು. 2000ದ ದಶಕದ ಆರಂಭಕ್ಕೆ ಉಳಿದದ್ದು ನಲವತ್ತು-ಐವತ್ತು. ಎಲುಬು ಕುದಿಸಿ ಮದ್ದು ಮಾಡಲೆಂದು ಅವನ್ನು ಬೇಟೆಯಾಡಿದ್ದೇ ಮುಖ್ಯ ಕಾರಣ. ಊರಿನವರೇ ಕಾವಲಿಗೆ ನಿಂತ ಮೇಲೆ ಸಂಖ್ಯೆ ನಿಧಾನವಾಗಿ ಏರುತ್ತಿದೆ.

ಹುಡುಗನಿಗೆ ಇಷ್ಟು ಹೇಳುವಷ್ಟರಲ್ಲಿ ನಮ್ಮ ಮನೆಯ ಭರಣಿ ನೆನಪಾಗಿ ಮಾತು ನಿಂತುಹೋಯಿತು.

ಕೊಡಗಿನಿಂದ ದಕ್ಷಿಣಕ್ಕೆ ಪಶ್ಚಿಮ ಘಟ್ಟದ ಕಾಡುಗಳಲ್ಲಿ ನೀಲಗಿರಿ ಲಂಗೂರ್ ಎಂಬ ಕಪ್ಪು ಮುಸುವ ಇದೆ. ಮೈ ಮಿರುಗುವ ಕಪ್ಪು, ತಲೆ ಕಂದುಹಳದಿ. ಹಸುವಿನಂತೆ ಇದರ ಹೊಟ್ಟೆಯಲ್ಲೂ ಹಲವು ಕೋಣೆಗಳು. ಸೂಕ್ಷ್ಮಜೀವಿಗಳು ಅಲ್ಲಿ ಎಲೆಯನ್ನು ಹುದುಗಿಸಿ ಜೀರ್ಣಮಾಡುತ್ತವೆ. ಯಾರ ತಂಟೆಗೂ ಹೋಗದ ಈ ಪ್ರಾಣಿಯನ್ನು ತುಪ್ಪುಳಕ್ಕೆ, ಮಾಂಸಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಉಬ್ಬಸದ ಲೇಹ್ಯಕ್ಕೆಂದು ಕೊಂದರು. ನಾವು ಚಿಕ್ಕವರಿದ್ದಾಗ ದಮ್ಮು ಬಂದರೆ ಅಜ್ಜಿ ಭರಣಿಯಿಂದ ಒಂದು ಚಮಚ ನೆಕ್ಕಿಸುತ್ತಿದ್ದರು. "ಮುಸುವನ ಲೇಹ್ಯ" ಎಂದು ದೊಡ್ಡವರು ಮೆಲ್ಲಗೆ ಹೇಳುತ್ತಿದ್ದರು. ಒಳಗೆ ನಿಜವಾಗಿ ಏನಿತ್ತೋ, ನಾವು ಕೇಳಲಿಲ್ಲ. ಅಜ್ಜಿಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಅದರಿಂದ ಉಬ್ಬಸ ವಾಸಿಯಾಗುತ್ತದೆಂಬುದಕ್ಕೆ ವೈದ್ಯವಿಜ್ಞಾನದಲ್ಲಿ ಆಧಾರವಿಲ್ಲ. ನಮಗೆ ಉಬ್ಬಸ ಹತೋಟಿಗೆ ಬಂದದ್ದು ಇನ್‌ಹೇಲರ್‌ನಿಂದ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಬಹಳ ತಗ್ಗಿತು, ಹಲವೆಡೆ ಮುಸುವಗಳು ಚೇತರಿಸಿಕೊಂಡವು. ಆದರೂ ಅಳಿವಿನ ಭೀತಿಯಲ್ಲಿರುವ ಪ್ರಾಣಿಗಳ ಕೆಂಪು ಪಟ್ಟಿಯಲ್ಲಿ ಅವು ಇಂದಿಗೂ ಇವೆ. ನಮಗೆ ಅನ್ನ ಕೊಟ್ಟ ಈ ನಾಡಿನತ್ತಲೂ ನೋಡಿ. ಅದೇ 1972ರಲ್ಲಿ ಮರುಭೂಮಿಯಿಂದ ಕಣ್ಮರೆಯಾದ ಅರೇಬಿಯನ್ ಓರಿಕ್ಸ್ ಇಂದು ಮತ್ತೆ ಅಬುಧಾಬಿಯ ಮರಳಿನಲ್ಲಿ ಓಡಾಡುತ್ತಿದೆ. ಮನಸ್ಸು ಮಾಡಿದರೆ ಆಗುತ್ತದೆ.

ಬಂಧುಗಳೇ, ರಜೆಗೆ ಊರಿಗೆ ಹೋದಾಗ ನಾವೆಲ್ಲ ಉಪ್ಪಿನಕಾಯಿ, ಹಪ್ಪಳದ ಜೊತೆ ಲೇಹ್ಯದ ಡಬ್ಬಿಯನ್ನೂ ತರುತ್ತೇವೆ. ಗಲ್ಫಿನವರು ಬಂದರೆಂದರೆ ಮಾರುವವರು ಬೆಲೆ ಏರಿಸುವುದೂ ಗೊತ್ತಿದೆ. ಕೊಳ್ಳುವ ಮೊದಲು "ಇದರಲ್ಲಿ ಏನು ಹಾಕಿದ್ದೀರಿ?" ಎಂದು ಒಂದು ಮಾತು ಕೇಳೋಣ. ಉತ್ತರ ಸರಿ ಕಾಣದಿದ್ದರೆ ಬಿಟ್ಟು ಬರೋಣ. ಕೊಳ್ಳುವವರಿಲ್ಲದಿದ್ದರೆ ಕೊಲ್ಲುವವರೂ ಇರುವುದಿಲ್ಲ.

ಆ ಹುಡುಗನಿಗೆ ಮುಂದಿನ ಬೇಸಿಗೆ ರಜೆಯಲ್ಲಿ ಕೊಡಗಿನ ಮುಸುವ ತೋರಿಸುವುದಾಗಿ ಮಾತು ಕೊಟ್ಟಿದ್ದೇವೆ. ಭರಣಿಯಲ್ಲಲ್ಲ, ಮರದ ಮೇಲೆ.