ಚಟ್ಟದಿಂದ ಎದ್ದವರ ಮಾತು



ಚನ್ನಪಟ್ಟಣ ಅಂದರೆ ಬಣ್ಣದ ಗೊಂಬೆ, ರಾಮನಗರ ಅಂದರೆ ರೇಷ್ಮೆಗೂಡಿನ ಮಾರುಕಟ್ಟೆ. ಆದರೆ ಸತ್ತು ಬದುಕಿದವರ ಅನುಭವವನ್ನು ಕುರಿತ ಸಂಶೋಧನೆಯಲ್ಲೂ ಚನ್ನಪಟ್ಟಣದ ಹೆಸರು ಬರುತ್ತದೆ. 1992ರಲ್ಲಿ ನಿಮ್ಹಾನ್ಸ್ ಜರ್ನಲ್‌ನಲ್ಲಿ ಮನಶ್ಶಾಸ್ತ್ರಜ್ಞೆ ಡಾ. ಸತ್ವಂತ್ ಪಸ್ರಿಚಾ ಬರೆದ ಒಂದು ಲೇಖನದ ಶೀರ್ಷಿಕೆಯಲ್ಲೇ ಈ ಊರಿದೆ.

ಸಾವಿನ ಮನೆಗೆ ಹೋಗಿ ಬಂದವರ ಕಥೆ ನಮಗೆ ಹೊಸದಲ್ಲ. ಕಠೋಪನಿಷತ್ತಿನ ನಚಿಕೇತ ಯಮನ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕಾದ. ಗ್ರೀಸಿನ ಪ್ಲೇಟೋ ಕೂಡ ಚಿತೆಯ ಮೇಲೆ ಕಣ್ಣುಬಿಟ್ಟ ಒಬ್ಬ ಸೈನಿಕನ ಕಥೆ ಹೇಳಿದ್ದಾನೆ. ನಮ್ಮ ಹಳ್ಳಿಗಳಲ್ಲಿ ಇಂಥವರಿಗೆ "ಆಯಸ್ಸು ಗಟ್ಟಿ" ಅನ್ನುತ್ತಾರೆ, ಅಷ್ಟೇ.

1975ರಲ್ಲಿ ಅಮೆರಿಕದ ರೇಮಂಡ್ ಮೂಡಿ ಇಂಥ ಅನುಭವಗಳನ್ನು ಪುಸ್ತಕ ಮಾಡಿದರು. ಕತ್ತಲ ಸುರಂಗ, ತುದಿಯಲ್ಲಿ ಬೆಳಕು, ತನ್ನ ದೇಹವನ್ನೇ ಮೇಲಿನಿಂದ ನೋಡುವುದು. ಆದರೆ 1986ರಲ್ಲಿ ಪಸ್ರಿಚಾ ಮತ್ತು ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ ಉತ್ತರ ಭಾರತದ 16 ಪ್ರಕರಣಗಳನ್ನು ಮುಂದಿಟ್ಟಾಗ ಚಿತ್ರ ಬೇರೆಯಾಗಿತ್ತು. ದೂತರು ಬಂದು ಎಳೆದೊಯ್ದರು, ಲೆಕ್ಕದ ಪುಸ್ತಕ ಹಿಡಿದವನೊಬ್ಬ ಹಾಳೆ ತಿರುವಿ, ಕರೆತಂದದ್ದು ತಪ್ಪು ಮನುಷ್ಯನನ್ನು ಎಂದ, ವಾಪಸ್ ಕಳಿಸಿದರು. ಯಮಲೋಕದಲ್ಲೂ ಕಚೇರಿಯ ಎಡವಟ್ಟು! ನಮ್ಮ ತಾಲ್ಲೂಕು ಕಚೇರಿ ಕಂಡವರಿಗೆ ಇದೇನೂ ಆಶ್ಚರ್ಯವಲ್ಲ.

ಆಮೇಲೆ ಬಂದದ್ದು ಚನ್ನಪಟ್ಟಣದ ಸಮೀಕ್ಷೆ. ಕಥೆ ತಾನಾಗಿ ಕಿವಿಗೆ ಬೀಳಲಿ ಎಂದು ಕಾಯದೆ, ಜನರ ನಡುವೆ ಹೋಗಿ "ನಿಮ್ಮಲ್ಲಿ ಸತ್ತು ಬದುಕಿದವರಿದ್ದಾರೆಯೇ" ಎಂದು ಕ್ರಮವಾಗಿ ಕೇಳುವ ಕೆಲಸ. ಅದರ ಬೆಲೆ ಇರುವುದು ಅಲ್ಲಿಯೇ. ನಿಮ್ಹಾನ್ಸ್ ಇರುವ ಇದೇ ಬೆಂಗಳೂರಿನಲ್ಲಿ 1976ರಲ್ಲಿ ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದ್ದರು. ಪವಾಡ ಮಾಡುವವರನ್ನು ಪರೀಕ್ಷೆಗೆ ಕರೆಯಬಹುದು, ಸಾವನ್ನು ಕರೆಯುವುದು ಹೇಗೆ?

ನನ್ನ ತಕರಾರು ಬೇರೆ. "ಸತ್ತಿದ್ದ" ಎಂದವರು ಯಾರು? ಹಳ್ಳಿಯಲ್ಲಿ ಮೂಗಿನ ಬಳಿ ಹತ್ತಿ ಹಿಡಿದು, ನಾಡಿ ಮುಟ್ಟಿ, ಬಾಯಿಗೆ ತುಳಸಿ ನೀರು ಬಿಡುತ್ತಾರೆ. 1994ರ ಅಂಗಾಂಗ ಕಸಿ ಕಾಯಿದೆಯ ಪ್ರಕಾರ ಮಿದುಳು ಸತ್ತಿದೆ ಎನ್ನಲು ನಾಲ್ವರು ವೈದ್ಯರು ಬೇಕು, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷೆಯಾಗಬೇಕು. ಅದನ್ನು ದಾಟಿದವರಿಗೆ ವೈದ್ಯರ ಲೆಕ್ಕದಲ್ಲಿ ಹಿಂದಿರುಗುವ ಮಾತಿಲ್ಲ. ಹಾಗಾದರೆ ಎದ್ದು ಬಂದವರು ಸಾವಿನ ಹೊಸ್ತಿಲಲ್ಲಿದ್ದವರೇ ಹೊರತು ಒಳಗೆ ಹೋದವರಲ್ಲ. ಆತ್ಮವಾದಿಗಳು ಇದನ್ನು ಒಪ್ಪಲಾರರು.

ಸುರಂಗದ ಜಗಳವೂ ನಡೆಯಿತು. 1993ರಲ್ಲಿ ಬ್ರಿಟನ್ನಿನ ಸೂಸನ್ ಬ್ಲ್ಯಾಕ್‌ಮೋರ್ ಭಾರತದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಅನುಭವಗಳನ್ನು ಕೇಳಿ, ಭಾರತೀಯರಿಗೂ ಸುರಂಗ ಕಾಣುತ್ತದೆ ಎಂದರು. ಅದು ಮಿದುಳಿನ ಕೆಲಸವಾದರೆ ಎಲ್ಲರಿಗೂ ಕಾಣಬೇಕಲ್ಲ ಎಂಬುದು ಅವರ ವಾದ. ಮರುವರ್ಷವೇ ಪಸ್ರಿಚಾ ಅವರೂ ಇದ್ದ ತಂಡ ಇಲ್ಲವೆಂದು ಉತ್ತರ ಬರೆಯಿತು. ದೂತರೋ ಸುರಂಗವೋ ಎಂಬುದನ್ನು ಬೆಳೆದ ಮನೆ ತೀರ್ಮಾನಿಸುತ್ತದೆ ಅಂತ ನನಗನಿಸುತ್ತದೆ. ಆದರೆ ರಕ್ತ ನಿಂತ ಮಿದುಳಿಗೆ ಏನಾದರೂ ಕಾಣುವುದಾದರೂ ಯಾಕೆ ಎಂಬುದು ಇದರಿಂದ ತೀರುವುದಿಲ್ಲ.

2001ರಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯ ಪಿಮ್ ವಾನ್ ಲೊಮ್ಮೆಲ್, ಹೃದಯ ನಿಂತು ಬದುಕಿದ 344 ಮಂದಿಯನ್ನು ವಿಚಾರಿಸಿದ ಅಧ್ಯಯನವನ್ನು ಪ್ರಕಟಿಸಿದರು. ಅನುಭವ ಹೇಳಿದವರು 62 ಮಂದಿ. ಎಲ್ಲರ ಮಿದುಳಿಗೂ ರಕ್ತ ನಿಂತಿತ್ತು. ಉಳಿದವರಿಗೆ ಏನೂ ಇಲ್ಲ ಯಾಕೆ? 2023ರಲ್ಲಿ ಅಮೆರಿಕದ ಜಿಮೋ ಬೋರ್ಜಿಗಿನ್ ತಂಡ, ಉಸಿರಾಟದ ಯಂತ್ರ ತೆಗೆದ ನಾಲ್ವರು ರೋಗಿಗಳ ಮಿದುಳಿನ ಅಲೆಗಳನ್ನು ನೋಡಿತು. ಇಬ್ಬರಲ್ಲಿ ಕೊನೆಯ ಹೊತ್ತಿಗೆ, ಪ್ರಜ್ಞೆಗೆ ನಂಟಿರುವ ಗಾಮಾ ಅಲೆಗಳು ಒಮ್ಮೆಲೇ ಏರಿದ್ದವು. ಆ ಇಬ್ಬರೂ ಬದುಕಲಿಲ್ಲ, ಏನು ಕಂಡಿತೆಂದು ಅವರನ್ನು ಕೇಳುವಂತಿಲ್ಲ. ಬದುಕಿ ಬಂದು ಮಾತಾಡುವವರ ತಲೆಗೆ ಆ ಹೊತ್ತಿನಲ್ಲಿ ಯಂತ್ರ ಕಟ್ಟಿರುವುದು ತೀರಾ ಅಪರೂಪ.